ಆಸ್ಕ್ಯೂ ಸಾಹೇಬರು

ನಮ್ಮ ದರೋಗಾ ಸಾಹೇಬರು ತೀರಿಹೋದರೆಂದು ಮೊನ್ನೆ ಲಿಂಗಸುಗೂರಿನಿಂದ ಬಂದವರೊಬ್ಬರು ಹೇಳಿದರು. ಹೇಳಿ ನನ್ನ ಮುಖ ನೋಡುತ್ತ ತುಸು ಹೊತ್ತು ನಿಂತರು. ಸತ್ತವರ ಬಗ್ಗೆ ಒಂದೆರಡು ಒಳ್ಳೆಯ ಮಾತು ಆಡುವುದು ರೂಢಿ. ಅದಕ್ಕೇ ಕಾಯುತ್ತಿದ್ದರು. ನಾನೂ ಮನಸ್ಸಿನಲ್ಲಿ ತಡಕಾಡಿದೆ. ಉಗುರನ್ನು ಬಹಳ ಸ್ವಚ್ಛ ಇಟ್ಟುಕೊಳ್ಳುತ್ತಿದ್ದರು ಎಂಬುದು ನೆನಪಾಯಿತು. ಅದನ್ನು ಹೇಳಿ, ಚಹಾ ಕುಡಿಸಿ ಕಳಿಸಿದೆ. ಉಳಿದದ್ದು ಇಲ್ಲಿದೆ.

ಅದು ನಿಜಾಮರ ರಾಜ್ಯ. ಸಾಲಿಯಲ್ಲಿ ಉರ್ದು, ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಇಂಗ್ಲಿಷು ಮಾತ್ರ ನಮ್ಮ ಕಡೆ ಬಹಳ ಅಪರೂಪದ ಪದಾರ್ಥ. ಒಂದು ಕಾಲಕ್ಕೆ ಲಿಂಗಸುಗೂರಿನ ದಂಡಿನ ಛಾವಣಿಯಲ್ಲಿ ಗೋರೆ ಪಲ್ಟಣಿ, ಅಂದರೆ ಬಿಳಿಯರ ದಂಡು, ಇತ್ತಂತೆ. ಅದು ಎದ್ದು ಹೋಗುವಾಗ ಬಂಗಲೆಗಳನ್ನು ಬಿಟ್ಟು ಭಾಷೆಯನ್ನು ಕಟ್ಟಿಕೊಂಡು ಹೋಯಿತು. ನನ್ನ ಕಾಲಕ್ಕೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ನಡುವಿನ ಸಡಕಿನ ಮೇಲೆ ಓಡಾಡುತ್ತಿದ್ದ ಇಂಗ್ಲಿಷೆಲ್ಲ ಕೂಡಿಸಿದರೆ ಒಂದೇ ಶಬ್ದವಾಗುತ್ತಿತ್ತು. ಆ ಶಬ್ದ ನಮ್ಮ ಸಾಹೇಬರ ಬಾಯಲ್ಲಿತ್ತು. ಆಸ್ಕ್ಯೂ.

ಕಾಲೇಜಿಗೆ ಹೋಗುವ ನನ್ನ ಮಗ ಈಗ ಅದರ ಅರ್ಥ ಹೇಳುತ್ತಾನೆ: ಇರಬೇಕಾದ ಗೆರೆಯಲ್ಲಿ ಇರದೆ ಓರೆಯಾಗಿರುವುದು, ಸೊಟ್ಟಗಿರುವುದು, ವಾಲಿರುವುದು. ಗೋಡೆಯ ಮೇಲಿನ ಪಟ ಒಂದು ಕಡೆಗೆ ಜಗ್ಗಿದ್ದರೆ ಅದು ಆಸ್ಕ್ಯೂ. ತಲೆಯ ಮೇಲಿನ ಟೊಪ್ಪಿಗೆ ಕಿವಿಯ ಕಡೆಗೆ ಜಾರಿದ್ದರೆ ಅದೂ ಆಸ್ಕ್ಯೂ. ಇಷ್ಟೇ. ಇಷ್ಟು ಸಣ್ಣ ಅರ್ಥದ ಶಬ್ದದಿಂದ ಒಬ್ಬ ಮನುಷ್ಯ ಮೂರು ಊರನ್ನು ವರ್ಷಗಟ್ಟಲೆ ಆಳಿದನೆಂದರೆ ಅದು ಶಬ್ದದ ಮಹಿಮೆಯೋ, ಮನುಷ್ಯನ ಮಹಿಮೆಯೋ, ಆ ಊರುಗಳ ಮಹಿಮೆಯೋ, ಓದುವವರೇ ತೀರ್ಮಾನಿಸಬೇಕು. ನಾನಂತೂ ಮೂರಕ್ಕೂ ಸಮನಾಗಿ ಹಂಚಿದ್ದೇನೆ.

ಅವರು ಸಡಕಿನ ಕಚೇರಿಯಲ್ಲಿ ದರೋಗಾ. ಅಂದರೆ ಸಡಕಿಗೆ ಗರಸು ಮಣ್ಣು ಹಾಕುವ ಆಳುಗಳ ಮೇಲಿನ ಯಜಮಾನ. ನಾನು ಅವರ ಕೈಕೆಳಗಿನ ಗುಮಾಸ್ತ. ದೌರೆಗೆ, ಅಂದರೆ ತಪಾಸಣೆಯ ತಿರುಗಾಟಕ್ಕೆ, ಹೊರಟರೆ ಒಂದೇ ಕಮಾನು ಬಂಡಿಯಲ್ಲಿ ಇಬ್ಬರೂ. ಬಂಡಿಯ ಒಳಗಿನ ಹಾಸಿಗೆ ಅವರಿಗೆ, ಹಿಂದಿನ ಹಲಗೆ ನನಗೆ. ಕಪ್ಪು ಶೇರ್ವಾನಿ, ಕೆಂಪು ರೂಮಿ ಟೊಪ್ಪಿಗೆ, ಕೈಯಲ್ಲಿ ಎಂದೂ ಬಿಚ್ಚದ ಕೊಡೆ. ಮೋರಿ ಕಟ್ಟುವಲ್ಲಿ ಬಂಡಿ ನಿಂತಿತೆಂದರೆ ಅವರು ಇಳಿದು ಕೊಡೆಯನ್ನು ನೆಲಕ್ಕೆ ಊರುತ್ತಿದ್ದರು. ತಲೆಯನ್ನು ಎಡ ಹೆಗಲಿನ ಮೇಲೆ ಮಲಗಿಸುತ್ತಿದ್ದರು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಹಿಡಿದು, ದೀರ್ಘವಾಗಿ ಉಸಿರು ಬಿಟ್ಟು ಅಪ್ಪಣೆ ಕೊಡಿಸುತ್ತಿದ್ದರು: "ಆಸ್ಕ್ಯೂ." ಮೊದಲು ತಮ್ಮ ತಲೆಯನ್ನು ಓರೆ ಮಾಡಿಕೊಳ್ಳುವುದು, ಆಮೇಲೆ ಲೋಕ ಓರೆಯಾಗಿದೆ ಎನ್ನುವುದು. ಇದು ಅವರ ಶಾಸ್ತ್ರ. ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟುತ್ತಿದ್ದರು. ಎರಡನೆಯ ಸಲ ನಿಜವಾಗಿಯೂ ಸೊಟ್ಟಗಾಗುತ್ತಿತ್ತು. ಆಗ ಸಾಹೇಬರು ತೃಪ್ತಿಯಿಂದ ಬಂಡಿ ಹತ್ತುತ್ತಿದ್ದರು.

"ಈ ವಿದ್ಯಾ ಯಾರ ಹಂತ್ಯಾಕ ಕಲತ್ರಿ ಸಾಹೇಬ್ರ?" ಎಂದು ಹೊಸದರಲ್ಲಿ ಕೇಳಿದ್ದೆ.

"ಗೋರೆ ಸಾಬ್ ಹಂತ್ಯಾಕ. ಈ ಸಡಕ್ ಅಳತಿ ಮಾಡಿದ್ವೆಲ್ಲ, ಅವ್ರು, ನಾನು. ಮೂರು ಕಾಲಿನ ದುರ್ಬೀನು ಇರ್ತಿತ್ತು ಅವ್ರದು. ಅದರಾಗ ಮೊದಲು ನನ್ನ ನೋಡಬೇಕು, ಆಮ್ಯಾಲ ಮುಂದಿನ ಕೆಲಸ. ನನ್ನ ನೋಡದಾ ಒಂದು ಗೆರಿ ಸೈತ ಎಳೀತಿದ್ದಿಲ್ಲ ಅವ್ರು."

ಇದನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ನಾವೆಲ್ಲ ನಂಬಿದ್ದೆವು. ಸುಳ್ಳಲ್ಲ ಎನ್ನುವುದು ಆಮೇಲೆ ತಿಳಿಯಿತು. ಅವರು ಆಡಿದ ನಿಜವೆಂದರೆ ಬಹುಶಃ ಇದೊಂದೇ.

ಶಬ್ದ ಸಡಕಿನಿಂದ ಇಳಿದು ಊರೊಳಗೆ ಹೊಕ್ಕಿತು. ಸಿಂಧನೂರಿನ ಬಜಾರದಲ್ಲಿ ಒಬ್ಬ ಶೆಟ್ಟರ ಅಂಗಡಿಯ ಮುಂದೆ ನಿಂತು ಸಾಹೇಬರು ಅವರ ತಕ್ಕಡಿಯನ್ನು ಕಂಡು "ಆಸ್ಕ್ಯೂ" ಎಂದುಬಿಟ್ಟರು. ಶೆಟ್ಟರು ಬೆವರಿ, ಆ ದಿನವೆಲ್ಲ ಗಿರಾಕಿಗಳಿಗೆ ಹಿಡಿಹಿಡಿ ಹೆಚ್ಚಿಗೆ ಹಾಕಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಲ್ಲವಿತ್ತು, ಇನ್ನೊಂದು ಬರಿದಾಗಿತ್ತು ಎನ್ನುವುದನ್ನು ಶೆಟ್ಟರೂ ನೋಡಲಿಲ್ಲ, ಗಿರಾಕಿಗಳೂ ಹೇಳಲಿಲ್ಲ. ತುರ್ವಿಹಾಳದಲ್ಲಿ ಅದು ಒಂದು ಬೇನೆಯ ಹೆಸರೆಂದು ತಿಳಿದು ಎತ್ತಿಗೆ ಬರೆ ಹಾಕಿಸಿದವರಿದ್ದರು. ಉರ್ದು ಸಾಲಿಯ ಮೌಲವಿಗಳು ಅದು ಮೂಲದಲ್ಲಿ ಫಾರ್ಸಿ ಎಂದರು. ಜೋಯಿಸರು ಸಂಸ್ಕೃತವೆಂದರು, ಧಾತುವನ್ನು ನಾಳೆ ಹೇಳುತ್ತೇನೆಂದರು, ಅವರ ನಾಳೆ ಇನ್ನೂ ಬಂದಿಲ್ಲ. ಅರ್ಥವೇನೆಂದು ಸಾಹೇಬರನ್ನೇ ಕೇಳುವ ಸರಳವಾದ ಉಪಾಯ ಯಾರಿಗೂ ಹೊಳೆಯಲಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲವೆಂದು ಗೊತ್ತಾಗುತ್ತದಲ್ಲ.

ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಗಲ್ಲಿದೆ. ಸಾವಿರಾರು ವರ್ಷದ ಹಿಂದೆ ಯಾವನೋ ಚಕ್ರವರ್ತಿ ಕೆತ್ತಿಸಿದ ಅಕ್ಷರಗಳು ಅದರ ಮೇಲಿವೆ. ಒಂದು ಸಂಜೆ ತಿರುಗಾಡುತ್ತ ಸಾಹೇಬರು ಅಲ್ಲಿಗೂ ಹೋದರು. ನಾನು ಬೇಡಿಕೊಂಡೆ, ಮನಸ್ಸಿನಲ್ಲಿ. ಅವರು ಕೊಡೆ ಊರಿದರು, ತಲೆ ವಾಲಿಸಿದರು.

"ಸಾಲು ಆಸ್ಕ್ಯೂ ಅದಾವ. ಯಾಂವ ಕೆತ್ತಿದಾಂವ?"

"ರಾಜಾ ಕೆತ್ತಿಸಿದ್ದಂತ್ರೀ."

"ಅದಕ್ಕಾ ಹೋತು ಅವನ ರಾಜ್ಯ."

ಇಂಥವರು ಮಸ್ಕಿಗೆ ಬಂದಾಗ ಉಣ್ಣುತ್ತಿದ್ದುದು ಶರಣಮ್ಮನ ಖಾನಾವಳಿಯಲ್ಲಿ. ಸಡಕಿಗೆ ಹತ್ತಿಕೊಂಡು ಒಂದು ತಗಡಿನ ಚಪ್ಪರ, ಎರಡು ಒಲೆ, ಬಡಿದು ಬಡಿದು ಎಲೆಯಷ್ಟು ತೆಳ್ಳಗೆ ಮಾಡಿದ ಜೋಳದ ರೊಟ್ಟಿ, ಪುಂಡಿಪಲ್ಯ, ಅದಕ್ಕಿಂತ ಖಾರವಾದ ಶರಣಮ್ಮನ ಬಾಯಿ. ಗಂಡ ಸತ್ತ ಮೇಲೆ ಜವಳಗೇರಾದಲ್ಲಿ ಮೈದುನನ ಮನೆಯಲ್ಲಿ ಕೆಲವು ಕಾಲ ದುಡಿದು, ಅಲ್ಲಿ ಕೂಳಿಗಿಂತ ಮಾತೇ ಹೆಚ್ಚು ಸಿಗುತ್ತದೆಂದು ಕಂಡು, ಎದ್ದು ಬಂದ ಹೆಂಗಸು. ಸಾಹೇಬರನ್ನು ಊಟದ ದುಡ್ಡು ಕೇಳುವ ಪದ್ಧತಿ ಇರಲಿಲ್ಲ. ಅವರು ರೊಟ್ಟಿಯನ್ನು ಕಣ್ಣ ಮುಂದೆ ಎತ್ತಿ ಹಿಡಿದು "ಆಸ್ಕ್ಯೂ" ಎಂದರೆ ಅವಳು, "ಹೊಟ್ಟ್ಯಾಗ ಹೋಗಿ ನೆಟ್ಟಗಾಗ್ತದ, ತಿನ್ರಿ," ಎನ್ನುತ್ತಿದ್ದಳು.

ಮಳೆಗಾಲದಲ್ಲಿ ಚಪ್ಪರ ಸೋರಿ ಗಿರಾಕಿಗಳು ಬೇರೆ ಕಡೆ ಹೋಗುತ್ತಿದ್ದರು. ಕೊನೆಗೊಂದು ವರ್ಷ ಶರಣಮ್ಮ ತನ್ನ ಕೈಯ ಚಿನ್ನದ ಪಾಟಲಿ ಮುರಿಸಿ ತೊಲೆ ಜಂತಿ ತರಿಸಿದಳು. ಒಂದು ಉದ್ದನೆಯ ಕೋಣೆ, ಮೇಲೆ ಮಣ್ಣಿನ ಮಾಳಿಗೆ. "ಇದು ನಿಂತ್ರ ನಾ ಮಸ್ಕ್ಯಾಗ ನಿಂತೆ, ತಮ್ಮಾ. ಇದು ಬಿದ್ರ ಮತ್ತ ಮೈದುನನ ಮನಿ ಸಗಣಿ ಬಾಚೂದಾ," ಎಂದು ನನಗೆ ಹೇಳಿದ್ದಳು. ನಗುತ್ತ ಹೇಳಿದ್ದಳು. ಕೈ ಮಾತ್ರ ಬರಿದಾದ ಮಣಿಕಟ್ಟನ್ನು ಸವರುತ್ತಿತ್ತು.

ಮಾಳಿಗೆಯ ಮೇಲುಮುದ್ದೆ ಹಾಕುವ ದಿನವೆಂದರೆ ನಮ್ಮ ಕಡೆ ಅರ್ಧ ಹಬ್ಬ. ಓಣಿಯವರೆಲ್ಲ ಬರುತ್ತಾರೆ. ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಸೊಪ್ಪು, ಅದರ ಮೇಲೆ ಕಲಸಿದ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು. ಹೆಂಗಸರು ಪುಟ್ಟಿ ಹೊರುತ್ತಾರೆ, ಗಂಡಸರು ತುಳಿಯುತ್ತಾರೆ, ಮನೆಯಾಕೆ ಹುಗ್ಗಿ ಮಾಡಿ ಬಡಿಸುತ್ತಾಳೆ. ಮಾಳಿಗೆಯ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ತಗ್ಗಿನ ಕಡೆ ಗೋಡೆಯಿಂದ ಹೊರಚಾಚಿದ ಹರನಾಳಿಗೆ. ಮಳೆಯ ನೀರು ಹರಿದು ಹೋಗಿ ಅದರ ಬಾಯಿಂದ ಬೀದಿಗೆ ಬೀಳಬೇಕು. ಇದನ್ನು ಆ ಸೀಮೆಯಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಮಾಳಿಗೆಯ ಕೆಳಗೆ ಹುಟ್ಟಿದವರಿಗೆ ಅದು ಗೊತ್ತೇ ಇರುತ್ತದೆ.

ಆ ದಿನವೇ ನಮ್ಮ ಬಂಡಿ ಮಸ್ಕಿಗೆ ಬಂತು. ಸಾಹೇಬರು ನಿಚ್ಚಣಿಕೆ ಹತ್ತಿ ಮೇಲೆ ಬಂದರು. ಕೊಡೆ ಊರಿದರು. ಜನ ತುಳಿಯುವುದನ್ನು ನಿಲ್ಲಿಸಿದರು.

"ಶರಣಮ್ಮಾ, ನಿನ್ನ ಮಾಳಿಗಿ ಆಸ್ಕ್ಯೂ ಐತಿ."

"ಹಂಗಂದ್ರ ಏನ್ರೀ ಸಾಹೇಬ್ರ?" ಆ ಪ್ರಶ್ನೆ ಕೇಳಿದವರಲ್ಲಿ ಮೊದಲನೆಯವಳು ಅವಳೇ.

"ಆ ತುದಿ ಮ್ಯಾಲ, ಈ ತುದಿ ಕೆಳಗ. ಗೋರೆ ಸಾಬ್ ಇದ್ದಿದ್ರ ಬೂಟಿಲೆ ಒದ್ದು ಕೆಡವ್ತಿದ್ರು."

"ಅಯ್ಯ! ನೀರು ಹರನಾಳಿಗಿಗೆ ಹೋಗಬೇಕಲ್ರೀ. ಇಳುಕಲು ಬಿಡದಿದ್ರ ಮಳಿನೀರು ನಿಮ್ಮ ಕಚೇರಿಗೆ ಅರ್ಜಿ ಕೊಟ್ಟು ಹೋಗ್ತಾವೇನು?"

ಜನ ನಕ್ಕರು. ನಗಬಾರದಿತ್ತು. ಸಾಹೇಬರ ಮುಖ ಟೊಪ್ಪಿಗೆಯ ಬಣ್ಣಕ್ಕೆ ತಿರುಗಿತು. ಪೂಜೆಗೆ ತಂದಿಟ್ಟಿದ್ದ ನಿಂಬೆಹಣ್ಣೊಂದನ್ನು ಎತ್ತಿಕೊಂಡು ಮಾಳಿಗೆಯ ಮೇಲಿನ ತುದಿಯಲ್ಲಿ ಇಟ್ಟರು. ಅದು ಮೆಲ್ಲಗೆ ಹೊರಟಿತು, ವೇಗ ಹಿಡಿಯಿತು, ಹರನಾಳಿಗೆಯೊಳಗೆ ಹೊಕ್ಕು ಸಡಕಿನ ಮೇಲೆ ಹಾರಿತು.

"ನೋಡಿದ್ರೇನು?" ಎಂದರು ಸಾಹೇಬರು.

ಎಲ್ಲರೂ ನೋಡಿದ್ದರು. ನೀರು ಹರಿಯಲೆಂದು ಮಾಡಿದ ಇಳುಕಲಿನ ಮೇಲೆ ನಿಂಬೆಹಣ್ಣು ಹರಿದುದನ್ನು ಕಂಡು ಅಲ್ಲಿದ್ದ ಮಹಾಜನಗಳು ಬೆರಗಾದರು. "ಹೌದ್ ಬಿಡಪ, ಉಳ್ಳಿತು," ಎಂದ ಒಬ್ಬ. "ಇಂಗ್ಲಿಷ್ ಲೆಕ್ಕ ಸುಳ್ಳಾಗಾಂಗಿಲ್ಲ," ಎಂದ ಇನ್ನೊಬ್ಬ. ಆ ಇನ್ನೊಬ್ಬ ತನ್ನ ಆಯುಷ್ಯದಲ್ಲಿ ಊರಿನ ಅರ್ಧ ಮಾಳಿಗೆ ತುಳಿದವನು.

ನಾನು ಹೇಳಿ ನೋಡಿದೆ. "ಸಾಹೇಬ್ರ, ಊರಾಗಿನ ಮಾಳಿಗಿ ಎಲ್ಲಾ ಹಿಂಗಾ ಅದಾವ್ರೀ."

"ಊರಾ ಆಸ್ಕ್ಯೂ ಐತಿ! ನೀ ಸುಮ್ನಿರಲೇ, ನಿನಗ ಇಂಗ್ಲಿಷ್ ಬರ್ತದೇನು?" ಎಂದು ಶರಣಮ್ಮನ ಕಡೆ ತಿರುಗಿದರು. "ಸಡಕಿಗೆ ಹತ್ತಿದ ಕಟ್ಟಡ ಇದು. ನಿಲ್ಲಬೇಕೋ ಕೆಡವಬೇಕೋ ನಮ್ಮ ಕಚೇರಿ ಹೇಳ್ತದ. ಆಸ್ಕ್ಯೂ ಇದ್ದದ್ದಕ್ಕ ನಾ ಹೂಂ ಅನ್ನಾಂಗಿಲ್ಲ. ಮುಂದ ನಿನ್ನಿಷ್ಟ."

ಶರಣಮ್ಮ ತೊಲೆ ನೋಡಿದಳು, ಸಡಕು ನೋಡಿದಳು, ಮಣಿಕಟ್ಟು ನೋಡಿಕೊಂಡಳು. ನಂತರ ಸೆರಗು ಬಿಗಿದು, "ಹಾಕ್ರೆಪಾ, ತಗ್ಗಿಗೆ ಇನ್ನಷ್ಟು ಮಣ್ಣು ಹಾಕ್ರಿ," ಎಂದಳು. ಹಾಕಿದರು. ಓಣಿಗೆ ಓಣಿಯೇ ಪುಟ್ಟಿ ಹೊತ್ತು ಹರನಾಳಿಗೆಯ ಬಾಯಿ ಮುಚ್ಚುವ ತನಕ ಹಾಕಿತು. ಸಾಹೇಬರು ಮತ್ತೊಂದು ನಿಂಬೆಹಣ್ಣು ತರಿಸಿ ನಡುವೆ ಇಟ್ಟರು. ಅದು ಅಲುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಕೆಳಗಿಳಿದು ಹುಗ್ಗಿ ಉಂಡರು. ಸಾಹೇಬರು ಎರಡು ಸಲ ಹಾಕಿಸಿಕೊಂಡರು.

ಉತ್ತರಿ ಮಳೆ ಹಿಡಿಯಿತು. ಎರೆಭೂಮಿ ಬಾಯಿ ಬಿಟ್ಟು ಬಂಡಿಗಳ ಗಾಲಿಯನ್ನು ನಡುವಿನ ಗುಂಬದವರೆಗೆ ನುಂಗಿತು. ಸಿಂಧನೂರಿಗೆ ಹೊರಟಿದ್ದ ನಾವೂ ಮಸ್ಕಿಯಲ್ಲೇ ಸಿಕ್ಕಿಬಿದ್ದೆವು. ಶರಣಮ್ಮನ ಹೊಸ ಕೋಣೆಯ ತುಂಬ ಬಂಡಿಯವರು. ಬಿಟ್ಟೂ ಬಿಡದ ಮಳೆಯಲ್ಲಿ ಅವಳ ಒಲೆಗೆ ಬಿಡುವಿಲ್ಲ. ಮಧ್ಯಾಹ್ನದ ಹೊತ್ತು, ಸಾಹೇಬರು ಗೋಡೆಗೆ ಒರಗಿ ರೊಟ್ಟಿ ಮುರಿಯುತ್ತಿದ್ದರು. ಮೇಲೆ, ನಿಂಬೆಹಣ್ಣು ನಿಂತಿದ್ದಲ್ಲಿ ನೀರೂ ನಿಂತಿತ್ತು.

ಮೊದಲು ಅವರ ಪಲ್ಯದಲ್ಲಿ ಒಂದು ಹನಿ ಮಣ್ಣು ನೀರು ಬಿತ್ತು. ಅವರು ತಟ್ಟೆ ಸರಿಸಿಕೊಂಡರು. ಆಮೇಲೆ ಜಂತಿ ಕರ್ ಎಂದಿತು. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದಂತೆಯೇ ನಡುವಿನ ತೊಲೆ ಗರ್ಭಿಣಿಯ ಹೊಟ್ಟೆಯ ಹಾಗೆ ಕೆಳಗೆ ಜಗ್ಗಿತು.

ಸಾಹೇಬರು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಎದ್ದು ನಿಂತರು. ತಲೆಯನ್ನು ಎಡ ಹೆಗಲಿಗೆ ಮಲಗಿಸಿದರು. ಒಂದು ಕಣ್ಣು ಮುಚ್ಚಿದರು.

"ಆಸ್ಕ್ಯೂ," ಎಂದರು.

ನನ್ನ ತಿಳಿವಳಿಕೆಯಲ್ಲಿ ಆ ಶಬ್ದವನ್ನು ಅವರು ಸರಿಯಾಗಿ ಬಳಸಿದ್ದು ಅದೊಂದೇ ಸಲ.

"ನಿನ್ನ ಆಸ್ಕ್ಯೂಕ ಬೆಂಕಿ ಹತ್ತಲಿ!" ಶರಣಮ್ಮ ಹಿಟ್ಟಿನ ಕೈಯಲ್ಲೇ ಒಳಗೆ ಓಡಿ ಬಂದಳು. "ಏ, ಗುದ್ದಲಿ ತಗೊಂಡು ಮ್ಯಾಲ ಹತ್ರೋ! ಹರನಾಳಿಗಿ ಬಾಯಿ ಬಿಡಿಸ್ರಿ! ತಗ್ಗಿನ ಮಣ್ಣು ಕೆತ್ತಿ ಒಗೀರಿ!" ಬಂಡಿಯವರು ನಿಚ್ಚಣಿಕೆಯ ಕಡೆ ನುಗ್ಗಿದರು. ನಾನು ಮೂಲೆಯಲ್ಲಿದ್ದ ಗಟ್ಟಿ ಗಳವೊಂದನ್ನು ಎಳೆದು ತಂದೆ. ನಾನೂ ಶರಣಮ್ಮನೂ ಸೇರಿ ಅದನ್ನು ತೊಲೆಯ ಕೆಳಗೆ ಆಸರೆಗೆ ಎತ್ತಿಕೊಟ್ಟೆವು. ಕಾಲಡಿಯ ಮಣ್ಣು ತೊಯ್ದು ಜಾರುತ್ತಿತ್ತು. ಯಾರಾದರೂ ಗಳವನ್ನು ಅವುಚಿ ಹಿಡಿದು ನಿಲ್ಲಬೇಕಿತ್ತು. ನನಗೆ ಮೇಲೆ ಹೋಗುವುದಿತ್ತು.

"ಹಿಡೀರಿ ಸಾಹೇಬ್ರ!" ಎಂದಳು ಶರಣಮ್ಮ.

"ನಾನಾ?"

"ಮತ್ತ ನಿಮ್ಮ ಕೊಡಿ ಹಿಡಿತದೇನು? ಹಿಡೀರಿ!"

ಹಿಡಿದರು. ರೊಟ್ಟಿ ಕೆಸರಿಗೆ ಬಿತ್ತು. ಮೇಲಿಂದ ಗುದ್ದಲಿಯ ಏಟು ಬಿದ್ದಾಗಲೊಮ್ಮೆ ಅವರ ಮೈ ನಡುಗಿ ಗಳ ಒಂದು ಕಡೆಗೆ ವಾಲಿತು. ತೊಲೆ ಮತ್ತೊಮ್ಮೆ ನರಳಿತು. ಅದು ಇನ್ನೊಂದಿಷ್ಟು ವಾಲಿದ್ದರೆ ಮಾಳಿಗೆ, ಮಣ್ಣು, ನೀರು, ಪಾಟಲಿ, ಎಲ್ಲ ಒಟ್ಟಿಗೆ ಕೆಳಗೆ ಬರುತ್ತಿತ್ತು. ಶರಣಮ್ಮನಿಗೆ ಆ ಕ್ಷಣದಲ್ಲಿ ಸೊಟ್ಟ, ವಾರೆ ಎಂಬ ಮಾತು ಯಾವುದೂ ಬಾಯಿಗೆ ಬರಲಿಲ್ಲ. ವರ್ಷಗಟ್ಟಲೆ ಉಣ್ಣಿಸಿ ಸಾಕಿದ ಮಾತೊಂದು ಬಂತು. ಗಂಟಲು ಹರಿಯುವ ಹಾಗೆ ಕೂಗಿದಳು:

"ಆಸ್ಕ್ಯೂ! ಆಸ್ಕ್ಯೂ!"

ಆಗ ಆದದ್ದನ್ನು ನಾನು ನಿಚ್ಚಣಿಕೆಯ ಮೇಲಿನಿಂದ ಕಂಡೆ. ಸಾಹೇಬರ ಹಿಮ್ಮಡಿಗಳು ಟಪ್ಪೆಂದು ಒಂದಕ್ಕೊಂದು ಕೂಡಿದವು. ಎದೆ ಮುಂದೆ ಬಂತು. ಹೆಗಲಿಗೆ ಒರಗಿದ್ದ ತಲೆ ನೆಟ್ಟಗಾಯಿತು. ಎರಡೂ ಕೈ ಗಳವನ್ನು ಮೂಗಿನ ನೇರಕ್ಕೆ ಎಳೆದು ತಂದು, ಕೂದಲೆಳೆಯಷ್ಟೂ ಅಲುಗದಂತೆ ನಿಲ್ಲಿಸಿದವು. ಕಣ್ಣು ದೂರದಲ್ಲಿ ಎಲ್ಲೋ ನೆಟ್ಟಿತು. ಬಾಯಿ ತನ್ನಷ್ಟಕ್ಕೆ ತಾನು ತೆರೆಯಿತು:

"ಜೀ ಸಾಬ್! ಸೀದಾ ಕಿಯಾ ಸಾಬ್!"

ಮೇಲೆ ಗುದ್ದಲಿಗಳು ನಿಂತವು. ಶರಣಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ನೋಡಬೇಕಾದದ್ದು ಅಷ್ಟೇ ಇತ್ತು. ಗೋರೆ ಸಾಹೇಬ ದುರ್ಬೀನಿನಲ್ಲಿ ಮೊದಲು ಅವರನ್ನೇ ನೋಡುತ್ತಿದ್ದದ್ದು ನಿಜ. ಅಳತೆಯ ಕೋಲು ಹಿಡಿದು ಬಿಸಿಲಲ್ಲಿ ಆ ತುದಿಗೆ ನಿಲ್ಲುವ ಆಳು ಅವರು. ಕೋಲನ್ನು ಸೊಟ್ಟಗೆ ಹಿಡಿಯುವುದು ಅವರ ಕಲೆ. ಹೊಲ ದಾಟಿ ಬರುತ್ತಿದ್ದ ಬೈಗುಳ ಆ ಶಬ್ದ. ದಿನಾ ತಿಂದ ಬೈಗುಳವನ್ನು ಅವರು ಜೋಪಾನ ಮಾಡಿ ಇಟ್ಟುಕೊಂಡು, ದರೋಗಾ ಆದ ಮೇಲೆ ನಮಗೆಲ್ಲ ಹಂಚುತ್ತಿದ್ದರು. ನಾವು ಅದನ್ನು ವಿದ್ಯೆ ಎಂದು ಕೈಯೊಡ್ಡಿ ಇಸಿದುಕೊಳ್ಳುತ್ತಿದ್ದೆವು.

ಇಲ್ಲಿ ಕನಿಕರ ಪಡಬೇಕೆಂದು ಮಗ ಹೇಳುತ್ತಾನೆ. ನಾನು ಪ್ರಯತ್ನ ಮಾಡಿದೆ. ಎರಡು ಸಲ ಹಾಕಿಸಿಕೊಂಡ ಹುಗ್ಗಿ ಅಡ್ಡ ಬಂತು.

ಶರಣಮ್ಮ ಕನಿಕರದಲ್ಲಿ ಹೊತ್ತು ಕಳೆಯಲಿಲ್ಲ. "ಏನ್ ನೋಡ್ತೀರೋ ಮ್ಯಾಲ? ಕೆತ್ರಿ!" ಎಂದಳು. ಗಳದ ಎದುರಿಗೆ ಒಂದು ಮಣೆ ಹಾಕಿಕೊಂಡು ಕುಳಿತಳು. ಹರನಾಳಿಗೆಯ ಬಾಯಿ ಬಿಚ್ಚಿ, ಮಾಳಿಗೆಯ ಮೇಲಿನ ಕೆರೆಯೆಲ್ಲ ಸಡಕಿಗೆ ಧುಮುಕಿ, ತೊಲೆ ಉಸಿರು ಬಿಡುವ ತನಕ ಅವಳು ಏಳಲಿಲ್ಲ. ಗಳ ಅಲುಗಿದರೆ ಸಾಕು.

"ಆಸ್ಕ್ಯೂ."

"ಜೀ ಸಾಬ್."

"ಬಲಕ್ಕ ಸರೀತು ನೋಡ್ರಿ. ಆಸ್ಕ್ಯೂ."

"ಜೀ ಸಾಬ್."

ಮಾಳಿಗೆ ಉಳಿಯಿತು. ಶರಣಮ್ಮ ಮಸ್ಕಿಯಲ್ಲಿ ಉಳಿದಳು. ಬಿಸಿಲು ಬಿದ್ದ ಮೇಲೆ ಓಣಿಯವರೆಲ್ಲ ಮತ್ತೆ ಪುಟ್ಟಿ ಹೊತ್ತು ಇಳುಕಲನ್ನು ಮೊದಲಿನ ಹಾಗೆ ಮಾಡಿದರು. ಈ ಸಲ ಹುಗ್ಗಿ ಮಾಡಲಿಲ್ಲ. "ನಿಮ್ಮ ಬುದ್ಧಿಗೆ ಅಂಬಲಿ ಸಾಕು," ಎಂದು ಅಂಬಲಿ ಕೊಟ್ಟಳು. ಇಂಗ್ಲಿಷ್ ಲೆಕ್ಕ ಸುಳ್ಳಾಗುವುದಿಲ್ಲ ಎಂದವನು ಎಲ್ಲರಿಗಿಂತ ಮೊದಲು ಬಂದು, "ನಾ ಅವತ್ತಾ ಅಂದಿದ್ದೆ," ಎಂದ.

ಸಾಹೇಬರು ಆಮೇಲೆಯೂ ಬಹಳ ವರ್ಷ ದರೋಗಾ ಆಗಿಯೇ ಇದ್ದರು. ಶೇರ್ವಾನಿ, ಟೊಪ್ಪಿಗೆ, ಕೊಡೆ, ಎಲ್ಲ ಇದ್ದವು. ಮೋರಿಯ ಮುಂದೆ ಬಂಡಿಯಿಂದ ಇಳಿದು ತಲೆ ವಾಲಿಸುವುದೂ ಇತ್ತು. ಶಬ್ದ ಮಾತ್ರ ಹೊರಗೆ ಬರುತ್ತಿರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಗರಸು ಹಾಕುವ ಆಳುಗಳು ಹಿಮ್ಮಡಿ ಕೂಡಿಸಿ, ಗುದ್ದಲಿಯ ಹಿಡಿಯನ್ನು ಮೂಗಿನ ನೇರಕ್ಕೆ ನಿಲ್ಲಿಸಿಕೊಂಡು ಸಾಲಾಗಿ ನಿಂತುಬಿಡುತ್ತಿದ್ದರು. ಅವರು ಕೆಮ್ಮಿ ಬಂಡಿ ಹತ್ತುತ್ತಿದ್ದರು. ಮಸ್ಕಿಯಲ್ಲಿ ಊಟದ ದುಡ್ಡನ್ನು ತಟ್ಟೆಯ ಪಕ್ಕದಲ್ಲಿ ಇಟ್ಟು ಏಳುವ ಅಭ್ಯಾಸವೂ ಅವರಿಗೆ ಬಂತು. ನಮ್ಮ ಕಾಲದ ಸಡಕಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಆಗಲಿಲ್ಲ.

ಅವರ ಹೆಣ ಹೊರುವಾಗ ಯಾರಾದರೂ ಆ ಶಬ್ದವನ್ನು ಅಂದರೋ ಇಲ್ಲವೋ ಎಂದು ಲಿಂಗಸುಗೂರಿನಿಂದ ಬಂದವರನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅಂದಿದ್ದರೆ ಎದ್ದು ನೆಟ್ಟಗೆ ನಿಂತಿರುತ್ತಿದ್ದರು.